ಬಾಲವಿಲ್ಲದ ಆನೆ ಕಾಸು

ನಮ್ಮ ಸೇಲಂ ಕಡೆ ಹೊಲ ಉಳುವಾಗ ಈಗಲೂ ಹಳೆಯ ಆನೆ ಕಾಸು ಸಿಗುವುದುಂಟು. ತಾಮ್ರದ್ದು, ಒಂದು ಬದಿ ಆನೆ, ಇನ್ನೊಂದು ಬದಿ ಅಕ್ಷರ. ಅಚ್ಚನ್ನು ಕೈಯಲ್ಲೇ ಕೊರೆಯುತ್ತಿದ್ದ ಕಾಲದ್ದಾದ್ದರಿಂದ ಒಂದು ಅಚ್ಚಿನ ಆನೆ ಇನ್ನೊಂದರ ಹಾಗಿರುವುದಿಲ್ಲ. ಸೊಂಡಿಲು ಎಲ್ಲಿ ಬಾಗಿದೆ, ದಂತ ಎಷ್ಟುದ್ದ ಎಂದು ಭೂತಗನ್ನಡಿ ಹಿಡಿದು ನೋಡಿ, ಅಚ್ಚುಗಳನ್ನು ಬೇರೆ ಮಾಡಿ, ಒಂದೊಂದಕ್ಕೂ ನಂಬರು ಕೊಟ್ಟು ಕ್ಯಾಟಲಾಗ್ ಬರೆದೆ. ಒಂಬತ್ತು ವರ್ಷ ಹಿಡಿಯಿತು. ಮಾಡಲು ಬೇರೆ ಕೆಲಸವಿಲ್ಲವೇ ಎಂದು ಮನೆಯಲ್ಲಿ ಕೇಳಿದಾಗಲೆಲ್ಲ ಹದಿನೇಳನೆಯ ನಂಬರು ತೋರಿಸುತ್ತಿದ್ದೆ: ಬಾಲವಿಲ್ಲದ ಆನೆ. ಉಳಿದವನ್ನೆಲ್ಲ ನನಗಿಂತ ಮೊದಲೇ ಯಾರೋ ಗುರುತಿಸಿದ್ದರು. ಇದೊಂದು ನನ್ನದು. ನಂಗವಳ್ಳಿ, ಕಡಯಂಪಟ್ಟಿ ಕಡೆಯ ಹಟ್ಟಿಗಳಲ್ಲಿ ಏಳು ಸಿಕ್ಕಿದ್ದವು. ಏಳರಲ್ಲೂ ಬಾಲವಿರಬೇಕಾದ ಜಾಗ ನುಣ್ಣಗಿತ್ತು.

ಪುಸ್ತಕ ಹೊರಬಂದ ಮೇಲೆ ನಂಗವಳ್ಳಿಯ ದೊಡ್ಡವ್ವನಿಗೆ ತೋರಿಸಲು ಹೋದೆ. ಕುರಿಗೆ ಸೊಪ್ಪು ಹಾಕಿ ಬಂದು, ಕೈ ಒರೆಸಿಕೊಂಡು, ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದಳು.

"ಇದು ತೇಯ್ದಿರೋ ಕಾಸು ಕಣ್ಲಾ. ಕಣ್ ರೆಪ್ಪೆ ಮ್ಯಾಲೆ ಕುರು ಎದ್ರೆ ಕಲ್ಲಲ್ಲಿ ತೇಯ್ದು ಬಳೀತಿದ್ವಿ. ನಿಂಗೂ ಬಳ್ದಿವ್ನಿ, ಮರ್ತೋಯ್ತಾ?"

"ಎಲ್ಲಾದ್ರಲ್ಲೂ ಬಾಲ ಮಾತ್ರ ಯಾಕೆ ಓಗೈತೆ ದೊಡ್ಡವ್ವ?"

"ಆನೆ ಅಂದ್ರೆ ಪಿಳ್ಳೆಯಾರು, ನಮ್ ಗಣಪ. ಅವನ ಮೊಕ ಯಾರ್ಲಾ ತೇಯ್ತಾರೆ? ಬಾಲದ ಕಡೆಯಿಂದ್ಲೇ ತೇಯ್ಬೇಕು."

ಆ ಏಳು ಕಾಸುಗಳ ಸೊಂಡಿಲು ಒಂದೇ ಥರ ಇರದದ್ದನ್ನು ಸವೆತವೆಂದುಕೊಂಡಿದ್ದೆ. ತೂಕದಲ್ಲೂ ಕಡಿಮೆ ಬಂದಿದ್ದವು. ಆಗ ತಕ್ಕಡಿಯ ಮೇಲೆ ಅನುಮಾನಪಟ್ಟೆನೇ ಹೊರತು ನನ್ನ ಮೇಲಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಈ ಹಟ್ಟಿಯವರ ಮಧ್ಯೆಯೇ ಹುಟ್ಟಿ ಬೆಳೆದ ನಾನು ಇವರನ್ನು ಒಂದು ಮಾತು ಕೇಳಲಿಲ್ಲ. ತಿದ್ದುಪಡಿ ಬರೆಯಲು ಎಷ್ಟೋ ಸಲ ಕುಳಿತೆ. ನಾಚಿಕೆ ಬಿಡಲಿಲ್ಲ. ಹದಿನೇಳನ್ನು ತೆಗೆದುಹಾಕಿದರೆ ಆ ಪುಸ್ತಕದಲ್ಲಿ ನನ್ನದು ಅನ್ನುವುದು ಏನೂ ಉಳಿಯುತ್ತಿರಲಿಲ್ಲ.

ಕಳೆದ ತಿಂಗಳು ಸೇಲಂನ ನಾಣ್ಯ ಪ್ರದರ್ಶನದಲ್ಲಿ ಗುರುತಿಲ್ಲದವರೊಬ್ಬರು ಬಂದು ನನ್ನ ಅಂಗೈ ಮೇಲೆ ಒಂದು ಆನೆ ಕಾಸು ಇಟ್ಟರು. "ಸಾರ್, ಉಂಗ ಪದಿನೇಳು," ಎಂದರು, ನಿಮ್ಮ ಹದಿನೇಳು ಅಂತ. ಬಾಲದ ಜಾಗದಲ್ಲಿ ತಾಮ್ರ ಹೊಸದಾಗಿ ಕೆಂಪಗೆ ಹೊಳೆಯುತ್ತಿತ್ತು. ಅರದ ಗೀರುಗಳು ಬರಿಗಣ್ಣಿಗೇ ಕಾಣುತ್ತಿದ್ದವು. ಉಳಿದ ಗುರುತುಗಳನ್ನು ನೋಡಿದೆ. ಅದು ನಾಲ್ಕನೆಯ ನಂಬರಿನ ಅಚ್ಚು. ಆ ಅಚ್ಚಿನವು ಎರಡೇ ಕಾಸು ನಾನು ಕಂಡಿದ್ದದ್ದು. ನನ್ನ ಪುಸ್ತಕಕ್ಕೆ ಹೊಂದಲಿ ಎಂದು ಯಾರೋ ಈ ಮೂರನೆಯ ಕಾಸಿನ ಬಾಲ ಉಜ್ಜಿ ತೆಗೆದಿದ್ದರು.

ಸರಿಯಾಗಿದೆಯಾ ಸಾರ್ ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ.