ನಮ್ಮ ಪಟ್ಟಿಯ ನಲವತ್ತೊಂದನೆಯ ಹಕ್ಕಿ

ನಮ್ಮ ಹೊಳೆಬದಿಯಲ್ಲಿ ಮೂರು ಸಂಜೆ ಕೂಗಿದ ಮೀನುಗೂಬೆ ನಾನೇ. ನಾನು ಎಂದರೆ ನನ್ನ ಮೊಬೈಲು, ಮತ್ತು ಅಂಗಳದ ತುದಿಯ ಪೊದೆಯೊಳಗೆ ಬಚ್ಚಿಟ್ಟ ಒಂದು ಬ್ಲೂಟೂತ್ ಸ್ಪೀಕರ್. ಡಿಗ್ರಿ ಮುಗಿಸಿದ, ಮೀಸೆ ಬಂದ ಗಂಡಸು ಮಾಡುವ ಕೆಲಸವೇ ಇದು ಎಂದು ಕೇಳಬೇಡಿ. ಇದಕ್ಕಿಂತ ಪೆದ್ದು ಕೆಲಸಗಳನ್ನೂ ಮಾಡಿದ್ದೇನೆ. ಆದರೆ ಅವುಗಳಿಂದ ಯಾರಿಗೂ ಏನೂ ಆಗಿರಲಿಲ್ಲ.

ಕಾಪುವಿನ ಹತ್ತಿರ, ಹೊಳೆಯ ದಂಡೆಯಲ್ಲಿ ನಮ್ಮ ಮನೆ. ತಂಗಿ ಮಣಿಪಾಲದಲ್ಲಿ ಕಾಲೇಜಿಗೆ ಸೇರಿದ ವರ್ಷ ಹಕ್ಕಿಯ ಹುಚ್ಚು ಹಿಡಿಸಿಕೊಂಡು ಬಂದಳು. ಅದು ನೆಗಡಿಯ ಹಾಗೆ ಮನೆಯವರಿಗೆಲ್ಲ ಹಬ್ಬಿತು. ಭಾನುವಾರ ಬೆಳಿಗ್ಗೆ ನಾಲ್ಕು ಜನಕ್ಕೆ ಒಂದು ದುರ್ಬೀನು. ಅಪ್ಪ ಹಳೆಯ ಡೈರಿಯಲ್ಲಿ ಹಕ್ಕಿಗಳ ಪಟ್ಟಿ ಬರೆಯುತ್ತಿದ್ದರು. ಅಮ್ಮ ಚಹಾದ ಫ್ಲಾಸ್ಕ್ ಹಿಡಿದುಕೊಂಡು, ಮಿಂಚುಳ್ಳಿಗಿಂತ ಹೆಚ್ಚಾಗಿ ಆಚೆ ದಡದಲ್ಲಿ ಯಾರು ಮಹಡಿ ಏರಿಸಿದ್ದಾರೆ ಎಂದು ನೋಡುತ್ತಿದ್ದರು. ಗೊಬ್ಬರದ ಬಿಳಿ ಚೀಲವೊಂದನ್ನು ಬೆಳ್ಳಕ್ಕಿ ಎಂದು ತೋರಿಸಿ, ಇಡೀ ಸಂಸಾರವನ್ನು ಅರ್ಧ ಗಂಟೆ ಕೆಸರಿನಲ್ಲಿ ಅಲುಗಾಡದೆ ನಿಲ್ಲಿಸಿದ್ದು ನನ್ನ ಕೊಡುಗೆ.

ನಮ್ಮ ನಿಜವಾದ ಗುರು ಪಕ್ಕದ ಮನೆಯ ದೊಡ್ಡಪ್ಪ. ರಕ್ತಸಂಬಂಧವಲ್ಲ, ಕರೆದು ಕರೆದು ಆದ ಸಂಬಂಧ; ಅವರ ಹೆಂಡತಿಯೂ ಹಾಗೆಯೇ ನಮಗೆ ದೊಡ್ಡಮ್ಮ, ಅಮ್ಮನಿಗೆ ಅಕ್ಕ. ದೊಡ್ಡಪ್ಪ ಆಯುಷ್ಯವಿಡೀ ಇದೇ ಹೊಳೆಯಲ್ಲಿ ಬಲೆ ಬೀಸಿದವರು. ನೀರುಕಾಗೆ ಮುಳುಗಿದರೆ ಅದು ಏಳುವ ಜಾಗಕ್ಕೆ ಬೆರಳು ತೋರಿಸಿ, ಏಳುವವರೆಗೆ ಬೆರಳು ಇಳಿಸುತ್ತಿರಲಿಲ್ಲ. ಆ ಚಳಿಗಾಲದಲ್ಲಿ ಮಾತ್ರ ಅವರ ಬಲೆ ಗೋಡೆಯಲ್ಲೇ ತೂಗುತ್ತಿತ್ತು. ಹೃದಯದ ತೊಂದರೆ. ಹತ್ತು ಹೆಜ್ಜೆ ಹಾಕಿದರೆ ಕುಳಿತುಕೊಳ್ಳಬೇಕು. ಮಣಿಪಾಲದಲ್ಲಿ ಆಪರೇಷನ್ನಿಗೆ ಗುರುವಾರ ದಿನ ಕೊಟ್ಟಿದ್ದರು, ತಡ ಮಾಡಬೇಡಿ ಎಂದೂ ಹೇಳಿದ್ದರು.

ಅದೇ ವಾರ ನಮ್ಮ ಪಟ್ಟಿ ನಲವತ್ತಕ್ಕೆ ಬಂದು ಕೆಟ್ಟು ನಿಂತ ಬಸ್ಸಿನ ಹಾಗೆ ನಿಂತಿತ್ತು. ತಂಗಿಗೆ ಮೀನುಗೂಬೆ ಬೇಕಿತ್ತು, ಗೂಬೆಗೆ ತಂಗಿ ಬೇಕಿರಲಿಲ್ಲ. ನಾನು ಇಂಟರ್ನೆಟ್ಟಿನಿಂದ ಅದರ ಕೂಗು ಇಳಿಸಿಕೊಂಡೆ. ಸೂರ್ಯ ಮುಳುಗಿದ ಕೂಡಲೇ ಜಗಲಿಯಲ್ಲಿ ಏನೂ ಅರಿಯದವನಂತೆ ಕುಳಿತು ಒತ್ತಿದೆ.

“ಶ್! ಕೇಳ್ತಾ?” ತಂಗಿ ಎದ್ದು ನಿಂತಳು.

“ಎಂತದು?” ಎಂದರು ಅಪ್ಪ.

“ಮೀನುಗೂಬೆ ಅಪ್ಪ! ದೇವರಾಣೆ, ಮೀನುಗೂಬೆ!”

ಅಪ್ಪ ಅಲ್ಲೇ ಡೈರಿ ತೆರೆದು ನಲವತ್ತೊಂದನೆಯ ಹಕ್ಕಿಯನ್ನು ಬರೆದರು. ನಾನು ಒಳಗೆ ಹೋಗಿ ದಿಂಬು ಕಚ್ಚಿಕೊಂಡು ನಕ್ಕೆ. ಮರುದಿನ ಗುಟ್ಟು ಒಡೆಯಬೇಕೆಂದಿದ್ದೆ. ಆದರೆ ಸಂಜೆಯಾಗುವ ಮೊದಲೇ ಅಪ್ಪ ಕುರ್ಚಿ ಹಾಕಿ ಕಾದು ಕುಳಿತದ್ದು ನೋಡಿ, ಇನ್ನೊಂದು ದಿನ ಇರಲಿ ಎಂದುಕೊಂಡೆ. ಆಮೇಲೆ ಇನ್ನೊಂದು.

ನಾಲ್ಕನೆಯ ದಿನ ಅಮ್ಮ ಪಕ್ಕದ ಮನೆಯಿಂದ ಬಂದವರೇ ಅಪ್ಪನಿಗೆ ಹೇಳಿದರು: “ಅವರು ಆಪರೇಷನ್ ಸದ್ಯಕ್ಕೆ ಬೇಡ ಅಂತ ಮಾಡಿದ್ದಾರೆ ಮಾರಾಯ್ರೆ. ಮೂರು ಸಂಜೆ ಗೂಬೆ ಕೂಗಿತಲ್ಲ, ಅಕ್ಕ ಹೆದರಿ ಜೋಯಿಸರ ಹತ್ತಿರ ಹೋಗಿದ್ದಾರೆ. ಬಿಸು ಹಬ್ಬ ಕಳೆಯುವವರೆಗೆ ಮೈಗೆ ಕತ್ತಿ ತಾಗಿಸುವುದು ಬೇಡ ಅಂದ್ರಂತೆ.”

ಬಿಸು ಎಂದರೆ ನಮ್ಮ ಕಡೆಯ ಯುಗಾದಿ, ಅದಕ್ಕೆ ಇನ್ನೂ ಎರಡು ತಿಂಗಳಿತ್ತು.

“ನಿಮಗೂ ಕೇಳಿದ್ದುಂಟಾ ಅಂತ ನನ್ನ ಹತ್ತಿರ ಕೇಳಿದ್ರು,” ಎಂದರು ಅಮ್ಮ. “ಕೇಳದೆ ಎಂತ, ನಮ್ಮವರು ಬರೆದೂ ಇಟ್ಟಿದ್ದಾರೆ ಅಂದೆ.”

ನಾನು ಅಲ್ಲೇ ಎಲ್ಲ ಹೇಳಿದೆ. ತಂಗಿ ನನ್ನ ಮುಖ ನೋಡಲಿಲ್ಲ. ಡೈರಿ ತೆಗೆದು ಕಾಗದ ಹರಿಯುವಷ್ಟು ಒತ್ತಿ ಆ ಸಾಲನ್ನು ಹೊಡೆದುಹಾಕಿದಳು. ಅಪ್ಪ ಇಷ್ಟೇ ಅಂದರು: “ಇಲ್ಲಿ ನಿಂತದ್ದೆಂತಕ್ಕೆ? ಹೋಗಿ ಅವರಿಗೆ ಹೇಳು.”

ದಾರಿಯುದ್ದಕ್ಕೂ, ದಾರಿಯೆಂದರೆ ಮೂವತ್ತು ಹೆಜ್ಜೆ, ಗಂಭೀರ ಮುಖ ಅಭ್ಯಾಸ ಮಾಡಿದೆ. ದೊಡ್ಡಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ದೊಡ್ಡಪ್ಪ ಬಾಗಿಲ ಒಳಗೆ ಕುರ್ಚಿಯಲ್ಲಿದ್ದರು. ಹೆದರಿದಾಗ ಬೇರೆಯವರಿಗೆ ಬೆವರು ಬರುತ್ತದೆ, ನನಗೆ ಜೋಕು ಬರುತ್ತದೆ.

“ದೊಡ್ಡಮ್ಮ, ಆ ಗೂಬೆಯ ಚಾರ್ಜ್ ಮುಗಿದಿದೆ. ಇನ್ನು ಹೆದರಬೇಡಿ,” ಎಂದುಬಿಟ್ಟೆ.

“ಎಂತ ಹೇಳ್ತಿ ನೀನು?”

ಸ್ಪೀಕರ್ ತೆಗೆದು ತೋರಿಸಿದೆ, ಎಲ್ಲ ಬಿಡಿಸಿ ಹೇಳಿದೆ, ಕೊನೆಗೆ ಕೂಗನ್ನೂ ಹಾಕಿದೆ. ಅವರು ನನ್ನ ಕೈಯನ್ನೇ ತಳ್ಳಿದರು.

“ಬಂದ್ ಮಾಡು ಅದನ್ನು! ಇದು ಮೊಬೈಲಿನದ್ದು. ನಾನು ಕೇಳಿದ್ದು ಜೀವ ಇದ್ದ ಗೂಬೆಯದ್ದು.”

“ಅದೇ ಇದು ದೊಡ್ಡಮ್ಮ.”

“ಬಾವಿಯಲ್ಲಿ ಮೊಸಳೆ ಉಂಟು ಅಂತ ಇಡೀ ಊರನ್ನು ಓಡಿಸಿದವ ನೀನೇ ಅಲ್ವಾ? ನನಗೆ ಧೈರ್ಯ ಬರಲಿ ಅಂತ ಈಗ ಇದನ್ನು ಕಟ್ಟಿಕೊಂಡು ಬಂದಿದ್ದಿ. ಒಳ್ಳೆ ಮನಸ್ಸು ಮಗಾ ನಿಂದು. ಹೋಗು.”

ಜೀವಮಾನದಲ್ಲಿ ಒಮ್ಮೆ ನಿಜ ಹೇಳಿದೆ, ಒಳ್ಳೆಯ ಸುಳ್ಳು ಎಂದು ಹೊಗಳಿಸಿಕೊಂಡು ಬಂದೆ. ದೊಡ್ಡಪ್ಪ ಕುರ್ಚಿಯಿಂದಲೇ ನನ್ನ ಕೈಯ ಸ್ಪೀಕರನ್ನು ನೋಡುತ್ತಿದ್ದರು. ಮರುದಿನ ಅಪ್ಪನೇ ಹೋದರು. “ಬರೆದಿಟ್ಟವರು ನೀವೇ, ಈಗ ಇಲ್ಲ ಅನ್ನುವವರೂ ನೀವೇ,” ಎಂದು ದೊಡ್ಡಮ್ಮ ಚಹಾ ಕೊಟ್ಟು ಕಳಿಸಿದರು. ಗುರುವಾರ ಬಂತು, ಹೋಯಿತು.

ಬಿಸುವಿಗೆ ಹತ್ತು ದಿನ ಇರುವಾಗ, ಬೆಳಿಗ್ಗೆ ಗಂಜಿ ಬಡಿಸುವಷ್ಟರಲ್ಲಿ, ದೊಡ್ಡಪ್ಪ ಆ ಕುರ್ಚಿಯಲ್ಲೇ ಹೋದರು. ಗೂಬೆ ಸುಳ್ಳು ಹೇಳುವುದಿಲ್ಲ ಎಂದು ಊರಿನವರು ಮಾತಾಡಿಕೊಂಡರು. ನನ್ನದೊಂದು ಮಾತನ್ನು ಊರು ಕೊನೆಯವರೆಗೆ ನಂಬಿದ್ದು ಅದೇ ಮೊದಲು, ಅದೂ ಗೂಬೆಯ ಹೆಸರಿನಲ್ಲಿ. ಭಾನುವಾರದ ತಿರುಗಾಟ ನಿಂತಿತು. ಯಾರೂ ನಿಲ್ಲಿಸಬೇಕೆಂದು ಹೇಳಲಿಲ್ಲ, ಯಾರೂ ದುರ್ಬೀನು ತೆಗೆಯಲಿಲ್ಲ ಅಷ್ಟೆ.

ಹದಿಮೂರನೆಯ ದಿನದ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮೇಲೆ, ನಮ್ಮ ಮನೆಯಿಂದ ಕೊಟ್ಟಿದ್ದ ದೊಡ್ಡ ಪಾತ್ರೆಗಳನ್ನು ತರಲು ಹೋದೆ. ದೊಡ್ಡಮ್ಮ ಒಬ್ಬರೇ ಇದ್ದರು, ಕೂರಲು ಹೇಳಿದರು. ನಾನು ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸುತ್ತಾ ಕುಳಿತೆ, ಈ ಸಲ ಜೋಕು ಬರಲಿಲ್ಲ.

“ಆವತ್ತು ನೀನು ಹೋದ ಮೇಲೆ ಇವರು ಎಂತ ಹೇಳಿದ್ರು ಗೊತ್ತುಂಟಾ?” ಎಂದರು. “‘ಹುಡುಗ ಸುಳ್ಳು ಹೇಳ್ತಾ ಇಲ್ಲ. ನಾನು ಈ ಹೊಳೆಯಲ್ಲಿ ಎಷ್ಟು ಗೂಬೆ ಕೇಳಿದ್ದೇನೆ, ಯಾವುದೂ ಹೀಗೆ ನಡುವೆ ಉಸಿರು ತೆಗೆಯದೆ ಕೂಗುವುದಿಲ್ಲ. ನಡಿ, ಗುರುವಾರ ಹೋಗುವ’ ಅಂದ್ರು. ನಾನೇ ಬಿಡಲಿಲ್ಲ ಮಗಾ. ಆ ಹುಡುಗನ ಮಾತು ಕೇಳಿ ಹೊರಟರೆ ಜನ ನಗಾಡ್ತಾರೆ ಅಂದೆ.”