ಕನ್ನಡಿ ಮುಂದಿನ ಇಂಗ್ಲಿಷ್

ಆ ಶುಕ್ರವಾರ ಬೆಳಿಗ್ಗೆಯೂ ಅವನು ಮುಖ ತೊಳೆದು ಕನ್ನಡಿಯ ಮುಂದೆ ನಿಂತ. ಒದ್ದೆ ಕೈಯಲ್ಲೇ ತಲೆ ಬಾಚಿದ. ಕನ್ನಡಿಯ ತುಂಬ ನೀರಿನ ಹನಿ ಹಾರಿತು. ಗಂಟಲು ಸರಿಮಾಡಿಕೊಂಡು, ಮಗ್ಗಿ ಒಪ್ಪಿಸುವವನಂತೆ ಹೇಳಿದ: “ಥ್ಯಾಂಕ್ಯೂ ಸರ್. ಐ ವಿಲ್ ಕರೆಕ್ಟ್ ಇಟ್.”

ಊಟದ ಡಬ್ಬಿ ಹಿಡಿದು ನಿಂತಿದ್ದ ಹೆಂಡತಿಗೆ ಮೈ ಉರಿಯಿತು.

“ಆ ಹನಿ ಒರೆಸಿ ಅಂತ ಎಷ್ಟು ವರ್ಷದಿಂದ ಹೇಳ್ತಿದ್ದೀನಿ ರೀ?”

“ಬೆಳ್‌ಬೆಳಿಗ್ಗೆ ಶುರು ಮಾಡ್ಬೇಡ.”

“ಸಾಹೇಬ್ರು ಹೇಳಿದ್ರೆ ಥ್ಯಾಂಕ್ಯೂ. ನಾನು ಹೇಳಿದ್ರೆ ಮೂತಿ ತಿರುಗಿಸೋದು.”

“ಅವರು ಇಂಗ್ಲಿಷಲ್ಲಿ ಹೇಳ್ತಾರಲ್ಲೇ. ನೀನೂ ಹಂಗೇ ಹೇಳು, ನಿಂಗೂ ಥ್ಯಾಂಕ್ಯೂ ಅಂತೀನಿ.”

ನಕ್ಕ. ಭುಜ ನೀವಿಕೊಳ್ಳುತ್ತ ಹೊರಟ. ಅವಳು ನಗಲಿಲ್ಲ. ಅದು ಅವರಿಬ್ಬರ ಕೊನೆಯ ಸಾಧಾರಣ ದಿನ.

ಅವನು ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರ ನೋಡಿಕೊಳ್ಳುತ್ತಿದ್ದವನು. ಇಪ್ಪತ್ತೆರಡು ವರ್ಷದ ಸರ್ವಿಸು. ಯಂತ್ರದ ಸದ್ದು ಕೇಳಿಯೇ ಒಳಗೆ ಎಷ್ಟು ಬಟ್ಟೆ ಇದೆ ಎನ್ನುತ್ತಿದ್ದ. ಇಂಗ್ಲಿಷ್ ಮಾತ್ರ ಕಬ್ಬಿಣದ ಕಡಲೆ. ಹೊಸ ಸಾಹೇಬರು ಬಂದವರೇ ಪ್ರತಿ ಶನಿವಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೀಡ್‌ಬ್ಯಾಕ್ ಎಂದು ಶುರು ಮಾಡಿದರು. ಅವರು ಒಬ್ಬೊಬ್ಬರ ತಪ್ಪು ಹೇಳುವುದು. ಆಮೇಲೆ ಒಬ್ಬೊಬ್ಬರೂ ಪಕ್ಕದವರ ಬಗ್ಗೆ ಒಂದು ಮಾತು ಹೇಳುವುದು. ಎಲ್ಲ ಇಂಗ್ಲಿಷಿನಲ್ಲೇ. ಇವನು ಯಾರ ಬಗ್ಗೆ ಕೇಳಿದರೂ “ವೆರಿ ಗುಡ್ ಸರ್” ಎನ್ನುತ್ತಿದ್ದ. ಕೆಲಸಕ್ಕೆ ಚಕ್ಕರ್ ಹೊಡೆಯುವವನೂ ವೆರಿ ಗುಡ್ಡೇ, ಕೆಟ್ಟು ನಿಂತ ಇಸ್ತ್ರಿ ಯಂತ್ರವೂ ವೆರಿ ಗುಡ್ಡೇ. ಬೈಸಿಕೊಂಡಾಗ ಏನು ಹೇಳಬೇಕು ಎಂಬುದನ್ನು ಕಲಿಸಿದವಳು ಚೀಟಿಯವಳು.

ಚೀಟಿಯವಳು ಎಂದರೆ ಮೈಲಿಗೆ ಬಟ್ಟೆಯ ಚೀಲಗಳಿಗೆ ಬಿಳಿ, ಬಣ್ಣ ಎಂದು ಬರೆದು ಚೀಟಿ ಕಟ್ಟುವವಳು. ಕಾಲೇಜು ಓದಿದವಳು. ಅವನು ಮನೆಗೆ ಬಂದರೆ ಅವಳದೇ ಜಪ. ಚೀಟಿಯವಳು ಹೇಳಿದಳು, ಕಾಲರಿನ ಗುಂಡಿ ಹಾಕಬೇಕಂತೆ. ಹಾಕಿದ. ಮದುವೆಯಾದಾಗಿನಿಂದ ಹೆಂಡತಿ ಹೇಳಿದ್ದೂ ಅದನ್ನೇ. ಚೀಟಿಯವಳು ಹೇಳಿದಳು, ನಾನು ಕಿರುಚಿ ಮಾತಾಡುತ್ತೇನಂತೆ. ಧ್ವನಿ ತಗ್ಗಿಸಿದ. ಹೆಂಡತಿಯ ಹೊಟ್ಟೆಗೆ ಬೆಂಕಿ ಬಿತ್ತು. ಅವರ ನಡುವೆ ಏನೋ ಇದೆ ಎಂದಲ್ಲ. ಇದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಇವಳು ಹೇಳಿದರೆ ಕಿರಿಕಿರಿ, ಅವಳು ಹೇಳಿದರೆ ಬುದ್ಧಿಮಾತು. ಅದಕ್ಕೆ.

ಆ ಶುಕ್ರವಾರಕ್ಕೆ ಎರಡು ವಾರ ಮುಂಚೆ ನಲವತ್ತು ಬಿಳಿ ಹಾಸಿಗೆ ಬಟ್ಟೆಗಳು ಗುಲಾಬಿ ಬಣ್ಣವಾಗಿ ಹೊರಬಂದಿದ್ದವು. ಚೀಟಿ ನೋಡಿ, ಚೀಲ ಬಿಚ್ಚದೆ ಯಂತ್ರಕ್ಕೆ ಹಾಕುವುದು ಅಲ್ಲಿಯ ಕ್ರಮ. ಕೆಂಪು ಪರದೆಯಿದ್ದ ಚೀಲಕ್ಕೆ ಬಿಳಿ ಎಂಬ ಚೀಟಿ ಇತ್ತು. ಶನಿವಾರ ಸಾಹೇಬರು ಇವನನ್ನು ಕೇಳಿದರು. ಇವನು ಬಾಯಿಪಾಠ ಒಪ್ಪಿಸಿದ. ತಪ್ಪು ಇವನ ತಲೆಗೆ ಬಂತು. ಇವನನ್ನು ಯಂತ್ರದ ಕೆಲಸದಿಂದ ತೆಗೆದು, ಒಣಗಿಸುವ ಒದ್ದೆ ಬಟ್ಟೆ ಹೊತ್ತು ತಾರಸಿಗೆ ಮೆಟ್ಟಿಲು ಹತ್ತುವ ಕೆಲಸಕ್ಕೆ ಹಾಕಿದರು.

“ನನ್ನ ತಪ್ಪಲ್ಲ ಅನ್ಬಾರ್ದಿತ್ತಾ?” ಎಂದು ಹೆಂಡತಿ ಕೇಳಿದ್ದಳು.

“ಅದಕ್ಕೆ ಇಂಗ್ಲಿಷ್ ಬರ್ಬೇಕಲ್ಲೇ” ಎಂದಿದ್ದ.

ಶುಕ್ರವಾರ ಕಳೆದು ಶನಿವಾರ ಬಂತು. ಮೂರನೇ ಮಹಡಿಯ ಮೆಟ್ಟಿಲಲ್ಲಿ ಬಟ್ಟೆಯ ಗಂಟಿನ ಸಮೇತ ಕುಸಿದ. ಎದೆಬಡಿತ ನಿಂತಿತ್ತು. ಹೊತ್ತುಕೊಂಡು ಇಳಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು.

ತಿಂಗಳಾದ ಮೇಲೆ ಚೀಟಿಯವಳು ಅವನ ಸಾಮಾನು ತಂದುಕೊಟ್ಟಳು. ಒಂದು ಟವೆಲು, ಒಂದು ಬಾಚಣಿಗೆ, ಮಡಚಿ ಮಡಚಿ ಸವೆದ ಒಂದು ಕಾಗದ. ಕಾಗದದಲ್ಲಿ ಆ ಇಂಗ್ಲಿಷ್ ಮಾತು ಗುಂಡನೆಯ ಕನ್ನಡ ಅಕ್ಷರದಲ್ಲಿತ್ತು. ಬರೆದದ್ದು ಚೀಟಿಯವಳೇ. ಅದರ ಕೆಳಗೆ ಇನ್ನೊಂದು ಸಾಲು. ಹೆಂಡತಿ ಕೂಡಿಸಿ ಕೂಡಿಸಿ ಓದಿದಳು: “ನಾಟ್ ಮೈ ಮಿಸ್ಟೇಕ್ ಸರ್.”

“ಇದಕ್ಕೇನರ್ಥ?”

“ನನ್ನ ತಪ್ಪಲ್ಲ ಅಂತ.”

“ಇದೂ ಅವರಿಗೆ ಬರ್ತಿತ್ತಾ?”

“ಬರ್ತಿತ್ತು ಅಕ್ಕ. ಎರಡನ್ನೂ ಕಲಿಸಿದ್ದೆ.” ಚೀಟಿಯವಳು ತಲೆ ಎತ್ತಲಿಲ್ಲ. “ಆ ಚೀಟಿ ತಪ್ಪಾಗಿ ಕಟ್ಟಿದ್ದು ನಾನೇ. ಅವತ್ತು ನನ್ನ ಕಡೆ ಒಂದ್ಸಲ ನೋಡಿದ್ರು. ನೋಡಿ ಮೊದಲನೇ ಮಾತೇ ಹೇಳ್ಬಿಟ್ರು. ಆಮೇಲೆ ನಾನು ಅತ್ತಾಗ ಅಂದ್ರು, ‘ನಿಂಗೆ ಇಂಗ್ಲಿಷ್ ಬರುತ್ತೆ, ಬೈದ್ರೆ ನಾಟುತ್ತೆ. ನಂಗೆ ಅರ್ಥವೇ ಆಗಲ್ಲ, ನೋವೆಲ್ಲಿಂದ ಬರ್ಬೇಕು?’”

“ನಿನ್ ಬಾಯಿಗೇನಾಗಿತ್ತು?”

“ಹೆದರಿದೆ ಅಕ್ಕ.”

ಮನೆಯಲ್ಲಿ ಹಾಲು ಉಕ್ಕಿದರೆ ತಪ್ಪು ಹೆಂಡತಿಯದು. ಬೀಗದ ಕೈ ಅವನೇ ಕಳೆದರೂ ಇವಳದು. ಒಂದು ದಿನವೂ ಇವಳ ಪಾಲಿನ ಬೈಗುಳವನ್ನು ಅವನು ತನ್ನ ಮೇಲೆ ಎಳೆದುಕೊಂಡವನಲ್ಲ. ಇವಳಿಗಾಗಿ ಹೊರದೇ ಇದ್ದದ್ದನ್ನು ಚೀಟಿಯವಳಿಗಾಗಿ ಹೊತ್ತ. ಹೊತ್ತು ಹೋದ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡಬಾರದು. ಪಟ್ಟಳು.

“ಶನಿವಾರ ಬರುತ್ತಲ್ಲ” ಎಂದಳು. “ಎದ್ದು ನಿಂತು ಎಲ್ಲರ ಮುಂದೆ ಹೇಳು. ನಿನ್ ಇಂಗ್ಲಿಷಲ್ಲೇ ಹೇಳು.”

ಚೀಟಿಯವಳು ಹೇಳಿದಳು. ಭಾನುವಾರ ಬಂದು ಬಾಗಿಲಲ್ಲಿ ನಿಂತಳು.

“ಸಾಹೇಬ್ರು ಏನಂದ್ರು?”

“ಥ್ಯಾಂಕ್ಯೂ ಅಂದ್ರು ಅಕ್ಕ.”

“ಅಷ್ಟೇನಾ?”

“ರಿಜಿಸ್ಟರಲ್ಲಿ ಅವರ ಹೆಸರಿನ ಮುಂದೆ ತಪ್ಪು ಅಂತ ಬರೆದಿದ್ದನ್ನ ಹೊಡೆದು ಹಾಕಿದ್ರು. ನನ್ನನ್ನ ಬಟ್ಟೆ ಹೊರೋಕೆ ಹಾಕಿದ್ರು.”

ಹೆಂಡತಿ ಒಂದು ಲೋಟ ನೀರು ಕೊಟ್ಟಳು. ಕೂತ್ಕೋ ಎನ್ನಲಿಲ್ಲ. ಅವನ ಹೆಸರು ಶುದ್ಧವಾಯಿತು, ಅದು ಸರಿ. ಆದರೆ ತಪ್ಪು ಹೊರುವ ಮುಂಚೆ ಅವನು ನೋಡಿದ ಆ ಒಂದು ನೋಟ ಇವಳ ಪಾಲಿಗೆ ಎಂದೂ ಬಂದಿರಲಿಲ್ಲ. ಅದು ಚೀಟಿಯವಳ ಹತ್ತಿರವೇ ಉಳಿಯಿತು. ಅದನ್ನು ವಾಪಸ್ಸು ಕೇಳುವುದು ಹೇಗೆ?

ಈಗಲೂ ಬೆಳಿಗ್ಗೆ ಎದ್ದವಳೇ ಹಳೆಯ ಬನಿಯನ್ನಿನ ತುಂಡು ತೆಗೆದುಕೊಂಡು ಕನ್ನಡಿ ಒರೆಸುತ್ತಾಳೆ. ಅದರ ಮೇಲೆ ಒಂದು ಹನಿಯೂ ಇರುವುದಿಲ್ಲ. ಅವನ ಮುಖ ಬರುತ್ತಿದ್ದ ಎತ್ತರಕ್ಕೆ ತುದಿಗಾಲಲ್ಲಿ ನಿಂತು, ಎರಡು ಸಲ ಒರೆಸುತ್ತಾಳೆ.