ಚಿಕ್ಕಮ್ಮನಿಗೆ ಬಡಿಸಿದ ಬಂಗುಡೆ

ಪಕ್ಕದ ಮನೆಯಿಂದ ಬಂಗುಡೆ ಹುರಿಯುವ ವಾಸನೆ ಬಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮಡಂತ್ಯಾರಿನ ಮನೆಯಲ್ಲಿ ಚಿಕ್ಕಮ್ಮ ಜ್ವರ ಹಿಡಿದು ತಿಂಗಳುಗಟ್ಟಲೆ ಮಲಗಿದ್ದರು. ನಾವೆಲ್ಲ ಮೀನು ಉಣ್ಣುವಾಗ ಅವರೂ ಒಂದು ತುಂಡು ಕೇಳುತ್ತಿದ್ದರು. "ಪಥ್ಯ ಉಂಟು, ಗುಣವಾದ ಮೇಲೆ ಕೊಡ್ತೇನೆ" ಎಂದು ಅಜ್ಜಿ ಗಂಜಿ ಇಟ್ಟು ಹೋಗುತ್ತಿದ್ದರು. ಗುಣವಾಗಲೇ ಇಲ್ಲ.

ಆ ವರ್ಷ ಆಟಿ ತಿಂಗಳಲ್ಲಿ, ಸತ್ತವರಿಗೆ ಬಡಿಸುವ ದಿನ, ಅಜ್ಜಿ ಚಿಕ್ಕಮ್ಮ ಮಲಗಿದ್ದ ಕೋಣೆಯಲ್ಲೇ ಬಾಳೆಲೆ ತುಂಬ ಬಂಗುಡೆ ಬಡಿಸಿ, "ಬಂದು ಉಣ್ಣು ಮಗಾ" ಎಂದು ಕರೆದು ಬಾಗಿಲು ಹಾಕಿದರು. ತೆರೆದಾಗ ಮೀನು ಹಾಗೇ ಇತ್ತು.

"ಚಿಕ್ಕಮ್ಮ ತಿನ್ನಲೇ ಇಲ್ಲ" ಎಂದೆ.

"ತಿಂದಿದ್ದಾಳೆ. ಸತ್ತವರು ವಾಸನೆ ಮಾತ್ರ ತಿನ್ನುವುದು."

"ಬದುಕಿದ್ದಾಗಲೂ ನೀವು ವಾಸನೆ ಮಾತ್ರ ಕೊಟ್ಟದ್ದು!"

ಕೆನ್ನೆಗೆ ಬಿತ್ತು.

ಸತ್ತ ಮೇಲೆ ಬದುಕು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇವತ್ತು ಡಾಕ್ಟರು ನನಗೂ ಪಥ್ಯ ಹೇಳಿದರು. ಮನೆಗೆ ಬಂದವಳೇ ಮಗಳಿಗೆ ಹೇಳಿದೆ: "ಎರಡು ಬಂಗುಡೆ ಹುರಿ ಮಾರಾಯ್ತಿ. ಈಗಲೇ."